ಮುಳ್ಳು ಕೆಂಪಿಗೆ ಬಂದರೆ

ರವಿಚಂದ್ರನ ಹೆಬ್ಬೆರಳಿನ ಉಗುರಿನಡಿ ಕಟ್ಟಿಕೊಂಡಿದ್ದ ಕರಿ ಗ್ರೀಸನ್ನು ನೋಡಿದ್ದೇ ಪ್ರೇಮಾನಂದರಿಗೆ ಬೆಳಿಗ್ಗೆ ತಿಂದದ್ದು ಗಂಟಲ ಬುಡಕ್ಕೆ ಬಂದು ನಿಂತಿತು. ಆ ಹೆಬ್ಬೆರಳು ಈಗ ಅವರ ಹಳೆಯ ಫಿಯೆಟ್ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಸ್ಟಿಯರಿಂಗಿಗೂ ಎಡಗಡೆಯ ಗೂಡಿನ ಮುಚ್ಚಳಕ್ಕೂ ನಡುವಿನ ಖಾಲಿ ತಗಡಿನ ಮೇಲೆ, ಏನನ್ನೋ ಹುಡುಕುವಂತೆ ಓಡಾಡಿ ಒಂದು ಕಡೆ ಒತ್ತಿ ನಿಂತಿತು. ಬೆರಳು ಎತ್ತಿದಾಗ ತಿಳಿಹಸಿರು ಬಣ್ಣದ ಮೇಲೆ ಅದರ ಗೆರೆಗಳೆಲ್ಲ ಮೂಡಿದ್ದವು.

"ಗೇಜಿಗೆ ಇಲ್ಲೇ ಡ್ರಿಲ್ ಹಾಕಿ ಒಟ್ಟಿ ಮಾಡುವ ಪ್ರೇಮಣ್ಣ. ಗಾಡಿ ಬಿಡುವರಿಗೂ ಕಾಣತ್ತ್, ಬದಿಯಂಗೆ ಕೂಕಂಡರಿಗೂ ಕಾಣತ್ತ್."

"ಒಟ್ಟಿ ಎಂತಕೆ? ಕೆಳಗೆ ಒಂದ್ ಪಟ್ಟಿ ಹಾಕಿ ನೇತಾಕುಕ್ ಆತಿಲ್ಯಾ?"

"ಬೊಂಬಾಯಂಗೆ ಟ್ಯಾಕ್ಸಿಗೆಲ್ಲ ಹಂಗೇ ನೇತಾಕ್ತಿದ್ದಿತ್. ಮೊಣಕಾಲಿಗೆ ತಾಗಿ ಡ್ರೈವರ್‌ಗಳೆಲ್ಲ ನಮ್ಮ ಅಪ್ಪ ಅಜ್ಜನನ್ನೆಲ್ಲ ನೆನಸ್ತಿದ್ರ್. ಬ್ಯಾಡ. ಕಣ್ಣೆದ್ರೇ ಇರ್ಕ್ ಅಂದ್ಹೇಳಿ ಟೀಚ್ರ್ ಹೇಳಿರಲ್ದಾ?"

ಟೀಚರ್ ಎಂದರೆ ಪ್ರೇಮಾನಂದರ ಮಗಳು ಚೇತನಾ. ಬ್ರಹ್ಮಾವರದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಈ ಗೇಜನ್ನು ತರಿಸಿದವಳೂ ಅವಳೇ, ಕೋಟೇಶ್ವರದಿಂದ ಹಾಲಾಡಿಗೆ ಹೋಗುವ ದಾರಿಯ ಈ ಗ್ಯಾರೇಜನ್ನು ಹುಡುಕಿದವಳೂ ಅವಳೇ. ಪೆಟ್ಟಿಗೆ ಬಿಚ್ಚಿದ ದಿನ ಅದನ್ನು ಊಟದ ಮೇಜಿನ ಮೇಲೆ ಇಟ್ಟಿದ್ದಳು. ಕಪ್ಪು ಮುಖ, ಸುತ್ತ ಹೊಳೆಯುವ ಬಳೆ, ಬಿಳಿ ಅಂಕಿಗಳು, ಕೊನೆಯಲ್ಲಿ ಒಂದು ತುಂಡು ಕೆಂಪು. ಅದರ ಬೆನ್ನಿನಿಂದ ಸಣ್ಣ ತಾಮ್ರದ ಕೊಳವೆಯೊಂದು ಸುರುಳಿಯಾಗಿ ಹೊರಬಂದು ತುದಿಯಲ್ಲಿ ಹಿತ್ತಾಳೆಯ ಗುಂಡಾಗಿತ್ತು. ಆ ಗುಂಡನ್ನು ಇಂಜಿನಿನ ನೀರಿನಲ್ಲಿ ಕೂರಿಸಿದರೆ ನೀರಿನ ಬಿಸಿ ಮುಖದ ಮೇಲಿನ ಮುಳ್ಳಿಗೆ ತಿಳಿಯುತ್ತದಂತೆ. ಪ್ರೇಮಾನಂದರಿಗೆ ಅದು ಮೀನಿನ ಹೊಟ್ಟೆ ಸೀಳಿ ಎಳೆದು ಹಾಕಿದ ಕರುಳಿನಂತೆ ಕಂಡಿತು. ಉಣ್ಣುವ ಮೇಜಿನ ಮೇಲಿನಿಂದ ಅದನ್ನು ತೆಗೆ ಎಂದಿದ್ದರು. ಕಾರು ಹುಟ್ಟುವಾಗಲೇ ಇದ್ದ ನೀರಿನ ಬಿಸಿಯ ಮುಳ್ಳು ಎಷ್ಟೋ ವರ್ಷಗಳಿಂದ ಎಡಕ್ಕೆ ಒರಗಿ ಸತ್ತುಬಿದ್ದಿತ್ತು. ಅದರಂಥದು ಈಗ ಎಲ್ಲಿಯೂ ಸಿಗುವುದಿಲ್ಲ. ಅದು ಸತ್ತದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಈ ಕಾರು ಒಂದು ದಿನವೂ ಕುದಿದಿರಲಿಲ್ಲ. ಇದು ಪ್ರೇಮಾನಂದರೊಬ್ಬರಿಗೇ ಗೊತ್ತಿದ್ದ ಸಂಗತಿ.

ಉಳಿದ ಎಲ್ಲರಿಗೂ ಗೊತ್ತಿದ್ದದ್ದು ಬೇರೆ. ಹೋದ ವರ್ಷದ ಬೇಸಿಗೆಯಲ್ಲಿ, ಮಣಿಪಾಲದ ಆಸ್ಪತ್ರೆಯಿಂದ ಹೆಂಡತಿಯನ್ನು ಕರೆದುಕೊಂಡು ಹೆಮ್ಮಾಡಿಯ ಮನೆಗೆ ಬರುತ್ತಿದ್ದಾಗ, ತೆಕ್ಕಟ್ಟೆ ದಾಟಿದ ಮೇಲೆ ಹೆದ್ದಾರಿಯಲ್ಲಿ ಕಾರು ಕುದಿದು ನಿಂತಿತು. ಕುಸುಮ ಉರಿಬಿಸಿಲಿನಲ್ಲಿ ಕಾರಿನೊಳಗೆ ಬಹಳ ಹೊತ್ತು ಕೂತಿರಬೇಕಾಯಿತು. ಮತ್ತೆ ಆಸ್ಪತ್ರೆ ಸೇರಿ ಆ ವಾರವೇ ಅವಳು ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜದ ದಿನ ಎಲೆ ಹಾಕಿ ಕೂತಿದ್ದ ಪಂಕ್ತಿಯಲ್ಲಿ ಕುಸುಮಳ ಅಕ್ಕ ಜಲಜ ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ಆ ಬಿಸ್ಲಂಗೆ ಇಂಜಿನಿನ ಎದ್ರ್ ನಿಂತ್ಕಂಡ್ ನೀರ್ ಹೊಯ್ತೇ ಇದ್ದಿರಂಬ್ರ್. ಒಂದ್ ಗಳಿಗಿ ಕೂಕಣ್ಲಿಲ್ಯಂಬ್ರ್. ಪುಣ್ಯ ಮಾಡಿತ್ ಮಾರಾಯ್ತಿ ನಮ್ ಕುಸುಮ, ಅಂಥ ಗಂಡ ಯಾರಿಗ್ ಸಿಕ್ಕತ್ತ್?" ಪಾಯಸ ಬಡಿಸುತ್ತಿದ್ದವನು ಸೌಟನ್ನು ಎತ್ತಿ ಹಿಡಿದು ಅವರ ಕಡೆ ಗೌರವದಿಂದ ನೋಡಿದ್ದ. ಸೌಟಿನ ಅಂಚಿನಿಂದ ಪಾಯಸ ಎಳೆಯಾಗಿ ಇಳಿಯುತ್ತಿತ್ತು. ಅದನ್ನು ನೋಡಿದ ಮೇಲೆ ಅವರಿಗೆ ಎಲೆಯ ಮುಂದೆ ಕೂತಿರುವುದು ಸಾಧ್ಯವಾಗಿರಲಿಲ್ಲ. ಎದ್ದು ಹೋದದ್ದನ್ನೂ ಜನ ದುಃಖವೆಂದೇ ತಿಳಿದರು.

ರವಿಚಂದ್ರ ಬಾಯಿಯಲ್ಲಿದ್ದ ಕವಳವನ್ನು ಹೊರಗೆ ಹೋಗಿ ಉಗಿದು, ಪ್ಯಾಂಟಿಗೆ ಬಾಯಿ ಒರೆಸಿಕೊಳ್ಳುತ್ತ ಬಂದು, ಬಾನೆಟ್ಟು ಎತ್ತಿ ರೇಡಿಯೇಟರಿನ ಮುಚ್ಚಳ ಬಿಚ್ಚಿದ. ಬೊಂಬಾಯಿಯಲ್ಲಿ ಇದೇ ಜಾತಿಯ ಟ್ಯಾಕ್ಸಿಗಳ ಕೆಲಸ ಮಾಡಿ, ಅವೆಲ್ಲ ರಸ್ತೆಯಿಂದ ಹೋದ ಮೇಲೆ ಊರಿಗೆ ಬಂದವನು. ತನ್ನ ಮಾತನ್ನು ತಾನೇ ಒಪ್ಪಿಕೊಳ್ಳುತ್ತ ತಲೆದೂಗುವುದು ಅವನ ರೂಢಿ. ಮುಚ್ಚಳದ ಒಳಗನ್ನು ಪ್ರೇಮಾನಂದರ ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಬೆಳ್ಳಗೆ, ಹಲ್ಲಿನ ಸಂದಿಯ ಕೊಳೆಯಂಥದು ಅಂಟಿತ್ತು.

"ಕಾಣಿ. ಕುದ್ದ ಗುರ್ತ್. ಇದ್ ಒಂದ್ಸಲ ಕುದ್ದದ್ದಲ್ಲ, ಸುಮಾರ್ ಸಲ ಕುದ್ದಿತ್. ನಿಮ್ಗ್ ಗೊತ್ತಾಯ್ಲಿಲ್ಲ ಅಷ್ಟೇ."

"ಹೌದಾ?" ಎಂದರು ಪ್ರೇಮಾನಂದರು.

"ಹೌದಾ ಅಂದ್ರೆ? ನಾನ್ ಗಾಡಿ ಮುಟ್ಟಿದ್ರೆ ಅದ್ರ ಜಾತಕ ಹೇಳ್ತೆ. ಆವತ್ತ್ ನೀವ್ ನಿಲ್ಸದೆ ಇದ್ದಿದ್ರೆ ಇಂಜಿನ್ ಖಲಾಸ್. ಬರೋಬ್ಬರಿ ಟೈಮಿಗ್ ನಿಲ್ಸಿರಿ ಮಾರಾಯ್ರೆ. ಹೊಗಿ ಎಷ್ಟ್ ಎತ್ರ ಬಂದಿತ್?"

ಪ್ರೇಮಾನಂದರು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿದರು. ಹಾಗೆ ತೋರಿಸಿದ ತಮ್ಮ ಕೈಯನ್ನು ತಾವೇ ನೋಡಿದರು. ಮೊದಮೊದಲು ಕೇಳಿದವರಿಗೆ ಅವರು ಸೊಂಟದವರೆಗೆ ತೋರಿಸುತ್ತಿದ್ದರು. ಕೇಳುವವರಿಗೆ ಅದು ಸಾಲುತ್ತಿರಲಿಲ್ಲ. ಹೊಗೆ ಒಂದು ವರ್ಷದಲ್ಲಿ ಸಸಿಯಂತೆ ಬೆಳೆದಿತ್ತು.

ಡ್ರಿಲ್ಲಿನ ಮೊದಲ ಸದ್ದಿಗೆ ಅವರು ಕಣ್ಣು ಮುಚ್ಚಿಕೊಂಡರು. ಮೊದಲು ಸಣ್ಣ ತೂತು, ಆಮೇಲೆ ಅದೇ ತೂತನ್ನು ನಡುವಾಗಿಟ್ಟು ಹಲ್ಲಿನ ಬಟ್ಟಲೊಂದು ತಿರುಗುತ್ತ ತಗಡನ್ನು ದುಂಡಗೆ ತಿನ್ನತೊಡಗಿತು. ಆ ಜಾಗದಲ್ಲಿಯೇ ಕುಸುಮ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಇಡುತ್ತಿದ್ದಳು. ಮಾರನೆಯ ದಿನ ಅದನ್ನು ಒರೆಸಿ ತೆಗೆಯುವವರು ಪ್ರೇಮಾನಂದರು. ದೇವರ ಕುಂಕುಮವಾದರೂ ಬೆವರಿಗೆ ಕಲಸಿ ಕಾರಿನ ತಗಡಿನ ಮೇಲೆ ಕೆಂಪಗೆ ಇಳಿಯುವುದನ್ನು ಅವರು ಸಹಿಸಲಾರರು. "ನಿಮ್ಗ್ ದೇವ್ರೂ ತೊಳ್ದ್ ಒಣಗ್ಸಿ ಇಟ್ಟಿರ್ಕ್" ಎಂದು ಅವಳು ನಗುತ್ತಿದ್ದಳು. ಅವರದು ಮೀನಿನ ವ್ಯಾಪಾರದ ಮನೆತನ. ಮೀನಿನ ನೀರು ಅಂಗಳದಲ್ಲಿ ಹರಿಯುತ್ತಿದ್ದ ಮನೆಯಲ್ಲಿ ಹುಟ್ಟಿ, ಪ್ರಾಯಕ್ಕೆ ಬರುತ್ತಲೇ ಮೀನು ಬಿಟ್ಟು, ಬಲೆ ಹಗ್ಗದ ಅಂಗಡಿ ಹಾಕಿ, ದಿನಕ್ಕೆ ಎರಡು ಸಲ ಮಿಂದು, ಶನಿವಾರ ಭಜನಾ ಮಂದಿರದಲ್ಲಿ ತಾಳ ಹಿಡಿದು ಎಲ್ಲರಿಗಿಂತ ಮುಂದೆ ನಿಂತವರು. ದೇಹವೆಂದರೆ ಹೊಲಸಿನ ಗಂಟು, ಅದನ್ನು ನಂಬಬೇಡ ಎಂಬ ಅರ್ಥದ ಪದಗಳನ್ನು ಹಾಡುವಾಗ ಅವರ ದನಿ ಒಡೆಯುತ್ತಿತ್ತು, ಕೇಳುವ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಭಕ್ತಿಯೆಂದು ಅವರು ನಂಬಿದ್ದರು. ಭಕ್ತಿಯಲ್ಲ, ಬರೀ ಹೇಸಿಗೆ, ಅದಕ್ಕೆ ರಾಗ ಹಾಕಿದ್ದು ಮಾತ್ರ ತಾನು ಎಂದು ಹೆದ್ದಾರಿಯ ಆ ಬದಿಯಲ್ಲಿ ನಿಂತಾಗ ತಿಳಿಯಿತು.

ಆ ದಿನ ಕುಸುಮ ಮುಂದಿನ ಸೀಟಿನಲ್ಲಿ ಲಿಂಬೆಹಣ್ಣನ್ನು ಮೂಗಿಗೆ ಹಿಡಿದು ಕೂತಿದ್ದಳು. ಮದ್ದಿನ ಸೂಜಿ ಚುಚ್ಚಿಸಿಕೊಂಡ ದಿನ ಅವಳಿಗೆ ಹೊಟ್ಟೆ ನಿಲ್ಲುತ್ತಿರಲಿಲ್ಲ. ಬ್ರಹ್ಮಾವರ ದಾಟುವವರೆಗೆ ಮಾತಾಡಿದಳು, ಕೋಟ ಬರುವಷ್ಟರಲ್ಲಿ ಸುಮ್ಮನಾದಳು. ತೆಕ್ಕಟ್ಟೆಯ ಆಚೆ "ಹ್ವಾಯ್" ಎಂದಳು, ಅಷ್ಟೇ. ಅವರು ತಿರುಗಿ ನೋಡಿದಾಗ ಅವಳು ಸೆರಗನ್ನು ಬೊಗಸೆ ಮಾಡಿ ಅದರೊಳಗೇ ಕಾರಿಕೊಳ್ಳುತ್ತಿದ್ದಳು. ಕಾರಿನ ಸೀಟಿಗೆ, ನೆಲಕ್ಕೆ, ಅವರ ಪಂಚೆಗೆ ಒಂದು ಹನಿಯೂ ತಾಗಬಾರದೆಂದು ಸೆರಗಿನ ಅಂಚುಗಳನ್ನೆಲ್ಲ ಒಟ್ಟುಮಾಡಿ ಗಂಟಿನಂತೆ ಮಡಿಲಲ್ಲಿ ಹಿಡಿದುಕೊಂಡಿದ್ದಳು. ಬಟ್ಟೆಯ ಮೂಲಕ ಅದು ಒಸರಿ ಅವಳ ಬೆರಳುಗಳ ನಡುವೆ ಇಳಿದು ಕೆಳಗೆ ತೊಟ್ಟಿಕ್ಕುತ್ತಿತ್ತು. "ನೀವ್ ಈಚಿ ಕಾಣ್ಬ್ಯಾಡಿ" ಎಂದಳು. ತಪ್ಪು ಮಾಡಿದ ಮಗುವಿನ ದನಿ. ಪ್ರೇಮಾನಂದರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿತ್ತು. ವಾಸನೆ ಬಂತು. ಬಾಗಿಲು ತೆಗೆದು ಹೊರಗೆ ಹಾರಿದರು. ಹಾರಿದ ಮೇಲೆ ಏನಾದರೂ ಕಾರಣ ಬೇಕಾಯಿತು. "ಕಾರ್ ಬಿಸಿಯಾಯ್ತ್" ಎಂದರು.

"ಹಾಂ, ಬಿತ್ತ್" ಎಂದ ರವಿಚಂದ್ರ. ದುಂಡನೆಯ ತಗಡಿನ ತುಂಡು ಒಳಗೆ ಬೀಳದೆ ಅವನ ಅಂಗೈಗೇ ಬಂದಿತ್ತು, ಒಂದು ಕಡೆ ಹಸಿರು, ಇನ್ನೊಂದು ಕಡೆ ತುಕ್ಕು. ಅದನ್ನು ಮೂಲೆಯ ಗುಜರಿ ಡಬ್ಬಕ್ಕೆ ಎಸೆದ. ತಗಡಿನ ಪುಡಿ ಎಡಗಡೆಯ ಸೀಟಿನ ಮೇಲೆಲ್ಲ ಹರಡಿತ್ತು. ತೂತಿನ ಅಂಚಿನಲ್ಲಿ ಬಣ್ಣ ಎದ್ದು ಒಳಗಿನ ಕಂದು ಪದರ ಕಾಣುತ್ತಿತ್ತು. ಹಲ್ಲು ಕಿತ್ತ ಬಾಯಿಯನ್ನು ನೋಡಿದಂತಾಗಿ ಪ್ರೇಮಾನಂದರು ಮುಖ ತಿರುಗಿಸಿದರು. ಇವತ್ತಾದರೂ ಹೇಳಬಹುದಿತ್ತು ಎನಿಸಿತು. ಡ್ರಿಲ್ ಹಿಡಿಯುವ ಮೊದಲು, ರವಿಚಂದ್ರನಿಗಲ್ಲ, ಬೆಳಿಗ್ಗೆ ಮನೆಯಲ್ಲಿ ಮಗಳಿಗೆ. ಹೇಳಬೇಕಾದದ್ದು ಇದ್ದದ್ದು ಅವಳಿಗೆ. ತಗಡಿನದು ಇರಲಿ, ಅವಳು ತನ್ನೊಳಗೆ ಕೊರೆದುಕೊಂಡಿದ್ದ ತೂತು ಬೇರೆಯೇ ಇತ್ತು. ಆ ದಿನ ಶಾಲೆಗೆ ರಜೆ ಹಾಕಿ ತನ್ನ ಹೊಸ ಕಾರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಬೇಕಾದವಳು ಅವಳು. ಪರೀಕ್ಷೆಯ ಕೆಲಸ ಬಂತೆಂದು ಹೋಗಿರಲಿಲ್ಲ. ಈ ಒಂದು ವರ್ಷ ಯಾವ ಮಾತು ಎತ್ತಿದರೂ ಅವಳು ಅಲ್ಲಿಗೇ ಬರುತ್ತಾಳೆ. ಊಟಕ್ಕೆ ಕೂತಾಗ, ಬಟ್ಟೆ ಮಡಚುವಾಗ, ಇದ್ದಕ್ಕಿದ್ದಂತೆ, "ನಾನ್ ರಜೆ ಹಾಕಿದ್ರೆ ಅಮ್ಮ ಆ ಬಿಸ್ಲಂಗೆ ಕೂಕಣ್ಕಾತಿರ್ಲಿಲ್ಲ, ಅಲ್ದಾ ಅಪ್ಪಯ್ಯ?" ಅವರು ಉತ್ತರ ಕೊಡುವುದಿಲ್ಲ. ಉತ್ತರ ಕೊಡದಿರುವುದನ್ನು ಅವಳು ಹೌದೆಂದು ತಿಳಿಯುತ್ತಾಳೆ. ಮತ್ತೆ ಆ ಕಾರಿನಲ್ಲಿ ಅಪ್ಪ ಒಬ್ಬರೇ ಹೋಗುವುದಾದರೆ ಬಿಸಿಯ ಗೇಜು ಕಣ್ಣೆದುರಿಗೇ ಇರಬೇಕೆಂಬ ಹಟ ಹುಟ್ಟಿದ್ದು ಹೀಗೆ. ಅವಳನ್ನು ಬಿಡಿಸಲು ಒಂದು ವಾಕ್ಯ ಸಾಕಾಗಿತ್ತು. ಆದರೆ ಆ ವಾಕ್ಯದ ಬೆನ್ನಿಗೆ ಇನ್ನೊಂದು ವಾಕ್ಯ ಬರುತ್ತಿತ್ತು. ಹಾಗಾದರೆ ಯಾಕೆ ನಿಲ್ಲಿಸಿದಿರಿ?

ಕೊಳವೆಯನ್ನು ಒಳಗಿನಿಂದ ಇಂಜಿನಿನ ಕಡೆಗೆ ದಾಟಿಸಬೇಕಾಗಿತ್ತು. ರವಿಚಂದ್ರ ಅಂಗಾತನಾಗಿ, ಕಾಲುಗಳನ್ನು ಬಾಗಿಲಿನಿಂದ ಹೊರಗೆ ಚಾಚಿ, ಎಡಗಡೆಯ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ತಲೆಯಿಟ್ಟು ಮಲಗಿದ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಸ್ವಲ್ಪ ಹೊತ್ತಿಗೆ ಟಾರ್ಚು ತೆಗೆದು ಕೇಳಿದ.

"ಪ್ರೇಮಣ್ಣ, ಇದ್ರಂಗೆ ಎಂತ ವಾಸ್ನಿ ಇದ್? ಇಲಿ ಸತ್ತಿತ್ತಾ?"

ಪ್ರೇಮಾನಂದರು ಕಾರಿನ ಬಾಗಿಲನ್ನು ಹಿಡಿದುಕೊಂಡರು. ಒಂದು ತಿಂಗಳು ತೊಳೆದಿದ್ದರು. ಫಿನಾಯಿಲು, ಸೋಪು, ಕರ್ಪೂರ. ರಬ್ಬರಿನ ಹಾಸನ್ನು ಕಿತ್ತು ಎಸೆದಿದ್ದರು. ಅದರಡಿಯ ನಾರಿನ ಪದರ ಒಳಕ್ಕೆ ಅಂಟಿಕೊಂಡದ್ದರಿಂದ ಅದನ್ನು ಕೀಳಲು ಆಗಿರಲಿಲ್ಲ. ಈಗ ಅವಳ ಪಾದಗಳಿದ್ದ ಜಾಗದಲ್ಲಿ ಒಬ್ಬನ ಎಣ್ಣೆಗೂದಲಿನ ತಲೆ ಇತ್ತು. ಅವನು ಮೂಗು ಸೇದಿ ವಾಸನೆ ನೋಡುತ್ತಿದ್ದ.

"ಹೌದ್" ಎಂದರು. "ಇಲಿ."

"ಇಲಿ ಸತ್ತದ್ದ್ ಬೇಗ ಹೋತಿಲ್ಲೆ. ಬೊಂಬಾಯಂಗೆ ಒಂದ್ ಟ್ಯಾಕ್ಸಿಯಂಗೆ ಸತ್ತ್ ಒಣ್ಗಿ ಹಪ್ಪಳ ಆಯಿದ್ದಿತ್. ಬಾಲ ಹಿಡ್ದ್ ಎಳ್ದೆ ಕಾಣಿ, ಇಡೀ ಬಂತ್" ಎಂದು ಅವನು ಒಳಗಿಂದಲೇ ನಗಾಡಿದ.

ಪ್ರೇಮಾನಂದರು ನಗಲಿಲ್ಲವೆಂದು ಹೇಳುವ ಹಾಗಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಇಲಿ ಎಂದು ಹೇಳಿದ ನಾಲಗೆಯನ್ನು ಹಲ್ಲಿನ ಹಿಂದೆ ಎಲ್ಲಿಡುವುದೆಂದು ತಿಳಿಯದಾಯಿತು. ಬಾಯಿಯ ತುಂಬ ನೀರು ಬಂತು, ನುಂಗಲೂ ಆಗದೆ ಉಗಿಯಲೂ ಆಗದೆ ನಿಂತರು. ಮನಸ್ಸಿನಲ್ಲಿ ನಾಮ ಹಿಡಿಯಲು ನೋಡಿದರು. ಅದೂ ಕೆಟ್ಟಿತ್ತು. ಆ ದಿನ ಎತ್ತಿದ ಬಾನೆಟ್ಟಿನ ಹಿಂದೆ, ಕುದಿಯದೆ ಸರಿಯಾಗಿದ್ದ ಇಂಜಿನಿನ ಮುಂದೆ ನಿಂತು, ಒಳಗೆ ಅವಳು ಓಕರಿಸುವ ಸದ್ದು ಕೇಳದಿರಲೆಂದು ಅವರು ದೇವರ ನಾಮವನ್ನೇ ಹತ್ತಿಯಂತೆ ಕಿವಿಗೆ ತುರುಕಿಕೊಂಡಿದ್ದರು. ಅಂದಿನಿಂದ ಜಪಕ್ಕೆ ಕೂತರೆ ಮೊದಲ ಅಕ್ಷರಕ್ಕೇ ಆ ವಾಸನೆ ಬರುತ್ತದೆ. ಅವಳು ಗಾಜು ಇಳಿಸಿ ಕರೆದಿದ್ದಳು. "ಬಿಸ್ಲಂಗೆ ನಿಲ್ಬ್ಯಾಡಿ. ಆ ಮರದ ಬುಡಕ್ಕೆ ಹೋಯಿ ನಿಲ್ಲಿ." ಇಂಜಿನು ಬಿಸಿಯಾಗಿದ್ದರೆ ಅವಳ ಕಾಲಿಗೆ ಕಾವು ತಾಗುತ್ತಿತ್ತು, ಎಲ್ಲಿಯಾದರೂ ಹಬೆ ಕಾಣುತ್ತಿತ್ತು. ಅವಳು ಅದನ್ನೆಲ್ಲ ಕೇಳಲಿಲ್ಲ. ಮರದ ಬುಡಕ್ಕೆ ಹೋಗಿ ನಿಲ್ಲಿ ಎಂದಳು. ಅಷ್ಟರಲ್ಲಿ ಮೀನಿನ ಟೆಂಪೋ ಒಂದು ನಿಂತಿತು. ಮಂಜುಗಡ್ಡೆಯ ನೀರು ಹಿಂದಿನಿಂದ ಸುರಿಯುತ್ತಿತ್ತು. ಚಾಲಕ ಕೇಳದೆಯೇ ಒಂದು ಕ್ಯಾನು ನೀರು ಇಳಿಸಿಕೊಟ್ಟು, ಒಳಗೆ ಕೂತವಳನ್ನು ನೋಡಿ ತಲೆ ತಗ್ಗಿಸಿ ಹೋದ. ಆ ನೀರನ್ನು ಏನು ಮಾಡುವುದು? ಅವನು ಕನ್ನಡಿಯಲ್ಲಿ ನೋಡುತ್ತಿರಬಹುದೆಂದು ಪ್ರೇಮಾನಂದರು ಅದನ್ನು ತುಂಬಿದ್ದ ರೇಡಿಯೇಟರಿಗೇ ಹೊಯ್ದರು. ಹೊಯ್ದಷ್ಟೂ ಅದು ಉಕ್ಕಿ ಅವರ ಚಪ್ಪಲಿಯ ಮೇಲೆ ಹರಿಯಿತು. ಕ್ಯಾನು ಖಾಲಿಯಾದ ಮೇಲೆ ಅವಳು ಕೇಳಿದಳು, ಬಾಯಿ ತೊಳೆಯಲು ಒಂಚೂರು ನೀರಿದೆಯೇ ಎಂದು. ಮೀನಿನ ವಾಸನೆಯ ನೀರನ್ನು ಅವಳಿಗೆ ಹೇಗೆ ಕೊಡುವುದಿತ್ತು ಎಂದು ಆಮೇಲೆ ಎಷ್ಟೋ ಸಲ ತಮಗೇ ಹೇಳಿಕೊಂಡಿದ್ದರು. ಅವಳು ಮೀನು ತಿನ್ನುವವಳು ಎಂಬುದನ್ನು ಆ ಹೇಳಿಕೆಯಲ್ಲಿ ಸೇರಿಸುತ್ತಿರಲಿಲ್ಲ.

ಎದುರಿನ ಹೋಟೆಲಿನಿಂದ ಗಾಜಿನ ಲೋಟದಲ್ಲಿ ಚಹಾ ಬಂತು. ರವಿಚಂದ್ರ ಎದ್ದು ಕೂತು, ತನ್ನ ಲೋಟವನ್ನು ಬಾನೆಟ್ಟಿನಡಿಯ ಅಂಚಿನ ಮೇಲೆ ಇಟ್ಟು, ಕೊಳವೆಯ ತುದಿಯ ಹಿತ್ತಾಳೆಯ ಗುಂಡನ್ನು ಅದರೊಳಗೆ ಅದ್ದಿದ. "ಹೋಯಿ ಮುಳ್ಳ್ ಕಾಣಿ ಪ್ರೇಮಣ್ಣ. ಏಳತ್ತಾ?" ಪ್ರೇಮಾನಂದರು ಹೋಗಿ ನೋಡಿದರು. ಸತ್ತ ಮುಳ್ಳಿನ ಪಕ್ಕದಲ್ಲಿ ಹೊಸ ಮುಳ್ಳು ನಡುಗಿ, ಎಡಗಡೆಯಿಂದ ಎದ್ದು ನಡುವಿನ ತನಕ ಬಂದು ನಿಂತಿತ್ತು. "ಎದ್ದಿತ್" ಎಂದರು. "ಒರಿಜಿನಲ್ ಮಾಲ್" ಎಂದು ರವಿಚಂದ್ರ ಗುಂಡನ್ನು ಮೇಲೆತ್ತಿ, ಅಂಗಿಗೆ ಒರೆಸಿ, ಅದೇ ಚಹಾವನ್ನು ಸೊರಸೊರನೆ ಕುಡಿದ. ಲೋಟದ ಮೇಲೆ ಎಣ್ಣೆಯ ಬಣ್ಣಬಣ್ಣದ ಪದರವೊಂದು ತೇಲುತ್ತಿತ್ತು. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. "ನೀವ್ ಕುಡಿನಿ. ಸಕ್ರಿ ಹಾಕ್ಲಿಲ್ಯಾ ನಿಮ್ಗೆ?" ಪ್ರೇಮಾನಂದರು ತಮ್ಮ ಲೋಟವನ್ನು ಕಾರಿನ ಹಿಂದೆ ಒಯ್ದು ಮಣ್ಣಿಗೆ ಚೆಲ್ಲಿದರು. ಚೆಲ್ಲುವಾಗ, ಆವತ್ತು ಈ ಮನುಷ್ಯನಾಗಿದ್ದರೆ ಹೆಂಡತಿಯ ಮಡಿಲಿನ ಗಂಟನ್ನು ಎರಡು ಕೈಯಲ್ಲೂ ಎತ್ತಿಕೊಂಡು ಹೊಲದ ಬದಿಗೆ ಚೆಲ್ಲಿ, ಕೈಯನ್ನು ಪ್ಯಾಂಟಿಗೆ ಒರೆಸಿ, ಒಂದು ಕೆಟ್ಟ ತಮಾಷೆ ಹೇಳಿ, ಕಾರು ಬಿಟ್ಟುಕೊಂಡು ಹೋಗುತ್ತಿದ್ದ ಎನಿಸಿತು. ಅದಕ್ಕಾಗಿ ಅವನ ಮೇಲೆ ಮತ್ತಷ್ಟು ಹೇಸಿಗೆಯಾಯಿತು.

ಗೇಜು ಕೂತಿತು. ಹಳೆಯ ತಿಳಿಹಸಿರಿನ ನಡುವೆ ಅದು ಕಪ್ಪಗೆ, ಬೇರೆಯವರ ಮನೆಯ ಮಗುವಿನಂತೆ ಕೂತಿತ್ತು. ಹಾಲಾಡಿಯ ಕಡೆಗೆ ಒಂದಷ್ಟು ದೂರ ಹೋಗಿ ಬಂದರು. ರವಿಚಂದ್ರನೇ ಓಡಿಸಿದ. ಏರುದಾರಿಯಲ್ಲಿ ಬೇಕೆಂದೇ ಕೆಳಗಿನ ಗೇರಿನಲ್ಲಿ ಎಳೆದ. ಮುಳ್ಳು ನಡುವಿಗೆ ಬಂದು ಅಲ್ಲಿಯೇ ನಿಂತಿತು. ಅವನು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದ.

"ಇದ್ ಹ್ಯಾಂಗೆ? ಕುದಿಯೂ ಗಾಡಿ ಅಲ್ದಾ ಇದ್?"

"ಈಗ ಸಮ ಇತ್ತೇನೋ" ಎಂದರು ಪ್ರೇಮಾನಂದರು.

"ಸಮ ಹ್ಯಾಂಗ್ ಆತ್ತ್? ನಾನ್ ಇನ್ನೂ ಎಂತ ಮಾಡ್ಲಿಲ್ಲ. ತನ್ನಷ್ಟಕ್ಕೆ ಸಮ ಆಪ್ಕೆ ಅದೆಂತ ಜ್ವರವಾ?" ಅವನಿಗೆ ಸಿಟ್ಟು ಬಂದಿತ್ತು. ಅವನು ಹೇಳಿದ ಜಾತಕವನ್ನು ಕಾರು ಸುಳ್ಳು ಮಾಡುತ್ತಿತ್ತು. ಗ್ಯಾರೇಜಿಗೆ ಬಂದವನೇ ಕಾರನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ, ಇಂಜಿನು ಆರಿಸದೆ, ಯಾವುದೋ ಫ್ಯಾನಿನ ರಟ್ಟಿನ ಪೆಟ್ಟಿಗೆಯನ್ನು ಹರಿದು ತಂದು, ಬಾನೆಟ್ಟು ಎತ್ತಿ ರೇಡಿಯೇಟರಿನ ಮುಂದೆ ಅಡ್ಡ ತುರುಕಿದ. ಗಾಳಿ ಹೋಗದಿದ್ದರೆ ಎಂಥ ಗಾಡಿಯಾದರೂ ಬಿಸಿಯಾಗಲೇಬೇಕು, ಮುಳ್ಳು ಮೇಲೆ ಹೋಗುತ್ತದೋ ಇಲ್ಲವೋ ನೋಡಿಯೇಬಿಡುವ ಎಂದ. "ನೀವ್ ಒಳ್ಗ್ ಕೂಕಣಿ ಪ್ರೇಮಣ್ಣ. ಬಿಡುವ ಸೀಟಿನ ಮೇಲೆ ನನ್ನ ಸ್ಪ್ಯಾನರ್ ಇತ್ತ್, ಆಚಿ ಸೀಟಂಗೆ ಕೂಕಣಿ. ಮುಳ್ಳ್ ಕೆಂಪಿಗೆ ಬಂದ್ರೆ ಕೂಗಿ. ನಾನ್ ಓಡಿ ಬಂದ್ ರಟ್ಟ್ ತೆಗಿತೆ. ಮರಿಬ್ಯಾಡಿ ಕಾಣಿ, ಕೂಗ್ಕ್."

ಹೀಗೆ ಅವರು ಆ ಸೀಟಿನಲ್ಲಿ ಕೂತರು. ಅವಳು ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಪಂಚೆಯ ಮೂಲಕ ತಗಡಿನ ಪುಡಿ ಚುಚ್ಚಿತು. ರವಿಚಂದ್ರ ಒಳಗೆ ಹೋಗಿ ಫೋನಿನಲ್ಲಿ ಯಾರ ಜೊತೆಗೋ ಹಿಂದಿಯಲ್ಲಿ ಗಟ್ಟಿಯಾಗಿ ಮಾತಾಡತೊಡಗಿದ. ಕಾರಿನ ಚಾವಣಿ ಬಿಸಿಯಾಗುತ್ತ ಬಂತು. ಗಾಜು ಇಳಿಸಬಹುದಿತ್ತು, ಇಳಿಸಲಿಲ್ಲ. ನಾರಿನ ಪದರದಿಂದ ವಾಸನೆ ಕಾವಿಗೆ ಮೆಲ್ಲನೆ ಎದ್ದು ಬಂದು ಮೊದಲು ಮೊಣಕಾಲಿನ ಮಟ್ಟದಲ್ಲಿ, ಆಮೇಲೆ ಎದೆಯ ಮಟ್ಟದಲ್ಲಿ ನಿಂತಿತು. ಬೆವರು ಕಣ್ಣಿಗೆ ಇಳಿಯಿತು. ಎದುರಿಗೆ ಗಾಜಿನಾಚೆ ಎತ್ತಿದ ಬಾನೆಟ್ಟಿನ ತಗಡಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಅವಳಿಗೂ ಇಷ್ಟೇ ಕಂಡಿದ್ದದ್ದು. ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಗಂಡನ ಸೊಂಟದ ಪಂಚೆ ಮಾತ್ರ ಕಂಡಿರಬೇಕು, ಕದಲದೆ ಇಳಿಬಿದ್ದ ಎರಡು ಕೈ. ಏನೂ ಕೆಲಸ ಮಾಡದ ಕೈ ಹೇಗಿರುತ್ತದೆಂದು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಅವರು ಮೂಗಿಗೆ ಕೈ ಹಿಡಿಯಲಿಲ್ಲ. ಉಸಿರನ್ನು ಒಳಕ್ಕೆ ಎಳೆದುಕೊಂಡರು. ಬಿಟ್ಟು ಮತ್ತೆ ಎಳೆದುಕೊಂಡರು. ಹೀಗೆ ಮಾಡುವುದರಿಂದ ಯಾರಿಗೂ ಏನೂ ಆಗುವುದಿಲ್ಲ, ಇದೂ ಒಂದು ಬಗೆಯ ನಾಟಕ, ನೋಡುವವರಿಲ್ಲದ್ದಕ್ಕೆ ಹೆಚ್ಚು ಹೊಲಸಾದದ್ದು ಎಂದು ತಿಳಿಯುತ್ತಲೇ ಇತ್ತು.

ಮುಳ್ಳು ನಡುವನ್ನು ದಾಟಿತು. ಅದು ಹೋಗುವುದು ಕಾಣುತ್ತಿರಲಿಲ್ಲ, ಹೋದದ್ದು ಮಾತ್ರ ಕಾಣುತ್ತಿತ್ತು. ಕೆಂಪಿನ ಅಂಚಿಗೆ ಬಂದಾಗ ಪ್ರೇಮಾನಂದರು ಬಾಯಿ ತೆರೆದರು. ರವಿಚಂದ್ರನ ನಗು ಒಳಗಿಂದ ಕೇಳಿಸುತ್ತಿತ್ತು. ಕೂಗಿದರೆ ಅವನು ಓಡಿ ಬರುತ್ತಾನೆ, ರಟ್ಟು ತೆಗೆಯುತ್ತಾನೆ, ಮುಳ್ಳು ಇಳಿಯುತ್ತದೆ, ಕಾರು ಎಂದಿನಂತೆ ಕುದಿಯದ ಕಾರಾಗಿಯೇ ಮನೆಗೆ ಬರುತ್ತದೆ. ಅವರು ಬಾಯಿ ಮುಚ್ಚಿದರು. ಮುಳ್ಳು ಕೆಂಪಿನೊಳಗೆ ಹೋಯಿತು. ಆಗಲಿ ಎಂದುಕೊಂಡರು. ಒಂದು ಸಲ ಕುದಿಯಲಿ, ಒಂದು ಸಲ ನಿಜವಾಗಲಿ. ಇಂಜಿನಿನ ಸದ್ದು ಒರಟಾಯಿತು. ಮುಚ್ಚಳದ ಕಡೆಯಿಂದ ಶಿಳ್ಳೆಯಂಥ ಸದ್ದು, ಒಳಗೆಲ್ಲೋ ಗುಳುಗುಳು, ಆಮೇಲೆ ಒಮ್ಮೆಲೆ ಬಾನೆಟ್ಟಿನ ಎರಡೂ ಬದಿಯಿಂದ ಬಿಳಿ ಹಬೆ ಎದ್ದು ಗಾಜನ್ನು ಮುಚ್ಚಿಬಿಟ್ಟಿತು. ಎದೆಯ ಮಟ್ಟವಲ್ಲ, ಗ್ಯಾರೇಜಿನ ಮಾಡಿನಷ್ಟು ಎತ್ತರ. ಪ್ರೇಮಾನಂದರ ಎದೆಯಲ್ಲಿ ಏನೋ ಸಡಿಲಾಯಿತು. ಅದು ಸಮಾಧಾನವೆಂದು ಗುರುತಾದಾಗ ಅವರಿಗೆ ತಮ್ಮ ಮೈಮೇಲಿನ ಚರ್ಮವನ್ನೇ ಅಂಗಿಯಂತೆ ಕಳಚಿ ಎಸೆಯಬೇಕೆನಿಸಿತು.

"ಕೂಗುಕೆ ಹೇಳಿದ್ನಲ್ಲ ಮಾರಾಯ್ರೆ" ಎಂದು ಅರಚುತ್ತ ರವಿಚಂದ್ರ ಓಡಿ ಬಂದು ಇಂಜಿನು ಆರಿಸಿ ರಟ್ಟನ್ನು ಕಿತ್ತು ಕೆಳಗೆ ಹಾಕಿದ. ಅದೇ ಹೊತ್ತಿಗೆ ಚೇತನಾಳ ಸ್ಕೂಟರು ಅಂಗಳಕ್ಕೆ ಬಂತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ನೇರವಾಗಿ ಬಂದಿದ್ದಳು. ಹೆಲ್ಮೆಟ್ಟು ತೆಗೆಯದೆ ಓಡಿ ಬಂದು ಎಡಗಡೆಯ ಬಾಗಿಲು ಎಳೆದು ಅಪ್ಪನನ್ನು ತೋಳು ಹಿಡಿದು ಹೊರಗೆ ಇಳಿಸಿದಳು. ಕಾರಿನಡಿಯಿಂದ ತುಕ್ಕಿನ ಕೆಂಪು ನೀರು ಹರಿದು ಅವಳ ಚಪ್ಪಲಿಯ ಸುತ್ತ ಹೋಗುತ್ತಿತ್ತು. ಅವಳು ಹಬೆಯನ್ನೇ ನೋಡುತ್ತ ನಿಂತಳು. ರವಿಚಂದ್ರ ಬಿದ್ದ ರಟ್ಟನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿ, "ಹೇಳಿದ್ನಲ್ಲ ಟೀಚ್ರೆ, ಕುದಿಯೂ ಗಾಡಿಯೇ ಇದ್" ಎಂದು ನೀರು ತರಲು ಹೋದ.

"ಹಿಂಗೇ ಅಲ್ದಾ ಅಪ್ಪಯ್ಯ ಆವತ್ತ್ ಆದ್ದ್?" ಎಂದಳು ಚೇತನಾ. ಅವಳ ದನಿ ತೆಳ್ಳಗಾಗಿತ್ತು. "ಈ ಹಬಿ ಎದ್ರ್ ಅಮ್ಮ ಕೂಕಂಡಿದ್ದಿತ್. ನಾನ್ ಆವತ್ತ್ ಮಾರ್ಕ್ ಹಾಕ್ತಾ ಕೂಕಂಡಿದ್ದೆ."

"ಆವತ್ತ್ ಕುದಿಲಿಲ್ಲ ಮಗಾ" ಎಂದರು ಪ್ರೇಮಾನಂದರು.

"ಎಂತ?"

"ಆವತ್ತ್ ಕಾರ್ ಕುದಿಲಿಲ್ಲ. ಬಿಸಿಯೇ ಆಯ್ಲಿಲ್ಲ. ನಾನ್ ಸುಮ್ನೆ ನಿಲ್ಸಿದ್ದ್."

ಮಾತು ಹೊರಗೆ ಬಂದಿತ್ತು. ಇಷ್ಟು ಚಿಕ್ಕದಾಗಿತ್ತೇ ಅದು ಎನಿಸಿತು. ಚೇತನಾ ಅಪ್ಪನ ಮುಖ ನೋಡಿದಳು, ಹಬೆ ನೋಡಿದಳು, ಕೆಂಪು ನೀರು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಅವರು ಮುಂದಿನ ಪ್ರಶ್ನೆಗೆ ಕಾದರು. ಅದಕ್ಕೆ ಉತ್ತರ ಕೊಡಲು ಇವತ್ತು ಸಾಧ್ಯವಾದೀತು ಎನಿಸಿತ್ತು.

"ಸಾಕ್ ಅಪ್ಪಯ್ಯ" ಎಂದಳು ಅವಳು. "ನಂಗ್ ಬೇಜಾರ್ ಆತ್ತ್ ಅಂದ್ಹೇಳಿ ನೀವ್ ಇಂಥದ್ದೆಲ್ಲ ಹೇಳ್ಬ್ಯಾಡಿ. ಕಣ್ಣೆದ್ರ್ ಕುದಿತಾ ಇತ್ತ್, ಕುದಿಲಿಲ್ಲ ಅಂತ್ರಿ. ಅಮ್ಮನೂ ಹಿಂಗೇ."

"ಅಮ್ಮ ಎಂತ?"

"ಆಸ್ಪತ್ರಿಯಂಗೆ, ಕಡಿ ದಿನ. ನಾನ್ ಕಣ್ಣೀರ್ ಹಾಕಿ ಮರ್ಕ್ತಾ ಇದ್ದೆ. ನನ್ನ ಕೈ ಹಿಡ್ಕಂಡ್, 'ಕಾರ್ ಎಂತ ಬಿಸಿ ಆಯ್ಲಿಲ್ಲ ಹೆಣ್ಣೆ, ನೀ ತಲಿಬಿಸಿ ಮಾಡ್ಬ್ಯಾಡ' ಅಂತ್. ಎರಡೆರಡ್ ಸಲ ಹೇಳ್ತ್. ನನ್ನ ಸಮಾಧಾನಕ್ಕೆ." ಅವಳು ಮೂಗು ಎಳೆದುಕೊಂಡು ಅಳುವಿನ ನಡುವೆಯೇ ನಕ್ಕಳು. "ನಿಮ್ಮಿಬ್ಬರಿಗೂ ಸುಳ್ಳ್ ಹೇಳುಕ್ ಬತ್ತಿಲ್ಲೆ."

ಪ್ರೇಮಾನಂದರು ಬಾನೆಟ್ಟಿನಡಿಯ ಅಂಚಿನ ಮೇಲೆ ಕೈಯೂರಿದರು. ತಗಡು ಸುಡುತ್ತಿತ್ತು, ತೆಗೆಯಲು ತೋಚಲಿಲ್ಲ. ಚೇತನಾಳೇ ಆ ಕೈಯನ್ನು ಎತ್ತಿ ತನ್ನ ಕೈಯಲ್ಲಿಟ್ಟುಕೊಂಡು ಊದಿದಳು. ಆಮೇಲೆ ಬೆಳಿಗ್ಗೆಯಿಂದ ಹೆಗಲ ಮೇಲಿದ್ದ, ಸೀಮೆಸುಣ್ಣದ ಪುಡಿ ಮೆತ್ತಿದ ಬೆವರಿನ ಶಾಲಿನಿಂದ ಅವರ ಮುಖ ಒರೆಸಿದಳು, ಹಣೆ, ಕೆನ್ನೆ, ಬಾಯಿಯ ಸುತ್ತ. ಅವರು ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕುಸುಮ ಗೊತ್ತಿದ್ದೂ ಮರದ ಬುಡಕ್ಕೆ ಹೋಗಿ ನಿಲ್ಲಿ ಎಂದಿದ್ದಳು. ಆ ವಾರವಿಡೀ ಆಸ್ಪತ್ರೆಯಲ್ಲಿ ಅವರು ಮಂಚದಿಂದ ಒಂದು ಮಾರು ದೂರದ ಕುರ್ಚಿಯಲ್ಲಿ ಕೂತು ನಾಮ ಹೇಳುತ್ತಿದ್ದಾಗ, ಅವಳು ಗೊತ್ತಿದ್ದೂ ಆ ಕಡೆ ಮುಖ ಮಾಡಿ ಮಲಗಿದ್ದಳು, ಉಸಿರಿನ ವಾಸನೆ ಈ ಕಡೆ ಬಾರದಿರಲೆಂದು.

ರವಿಚಂದ್ರ ಬಕೆಟ್ಟು ತಂದು ಕೆಳಗಿಟ್ಟು, ಒಳಗೆ ಬಗ್ಗಿ ಗೇಜನ್ನು ನೋಡಿದ. ಮುಳ್ಳು ಇನ್ನೂ ಕೆಂಪಿನಲ್ಲೇ ಇತ್ತು.

"ಮುಳ್ಳ್ ಸಮ ತೋರ್ಸತ್ತಲೆ" ಎಂದ. "ಕೆಂಪಿಗ್ ಬಂದದ್ದ್ ನಿಮ್ಗ್ ಕಾಣ್ಲಿಲ್ಯಾ ಪ್ರೇಮಣ್ಣ?"

"ಅವ್ರಿಗೆ ಈಗೀಗ ಕಣ್ಣ್ ಸಮ ಕಾಣ್ತಿಲ್ಲೆ" ಎಂದಳು ಚೇತನಾ, ಅಪ್ಪನನ್ನು ಬಿಟ್ಟುಕೊಡದೆ.

ಪ್ರೇಮಾನಂದರು ಹೌದೆಂದು ತಲೆ ಅಲ್ಲಾಡಿಸಿದರು.